ನಿದ್ದೆ ಬಾರದವರು ತಡವಾಗಿ ಮಲಗಬೇಕು: ಮನೆಯಲ್ಲೇ ಅನುಸರಿಸಬಹುದಾದ ಆರು ವಾರಗಳ ಕ್ರಮ

“ರಾತ್ರಿ ಹತ್ತಕ್ಕೇ ಹಾಸಿಗೆ ಸೇರುತ್ತೇನೆ, ಹನ್ನೆರಡು ಹೊಡೆದರೂ ಕಣ್ಣಿಗೆ ನಿದ್ದೆ ಹತ್ತುವುದಿಲ್ಲ. ಇನ್ನೂ ಸ್ವಲ್ಪ ಬೇಗ ಮಲಗಿದರೆ ಸರಿಹೋದೀತೇ?” ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಪರೀಕ್ಷೆ ಹತ್ತಿರವಿರುವ ವಿದ್ಯಾರ್ಥಿಗಳು, ಈಚೆಗೆ ನಿವೃತ್ತರಾದವರು, ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಿ ಒಂಟಿಯಾಗಿರುವ ತಾಯಂದಿರು, ಅಮೆರಿಕದ ವೇಳೆಗೆ ಹೊಂದಿಕೊಂಡು ರಾತ್ರಿ ಹನ್ನೊಂದರವರೆಗೂ ಮೀಟಿಂಗ್‌ನಲ್ಲಿ ಕೂರುವ ಬೆಂಗಳೂರಿನ ಉದ್ಯೋಗಿಗಳು, ಎಲ್ಲರ ಪ್ರಶ್ನೆಯ ತಿರುಳೂ ಒಂದೇ ಆಗಿರುವುದರಿಂದ ಉತ್ತರವನ್ನು ಒಂದೇ ಕಡೆ, ಹಂತಹಂತವಾಗಿ ಬರೆದಿಡುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಬೇಗ ಮಲಗುವುದರಿಂದ ಸರಿಹೋಗುವುದಿಲ್ಲ, ಬಹುಪಾಲು ಜನರಿಗೆ ಅದರಿಂದ ತೊಂದರೆ ಹೆಚ್ಚುತ್ತದೆ.

ಮನೆಯಲ್ಲೊಂದು ಸಾವು, ಸಾಲದ ಕಂತು, ಮಗಳ ಮದುವೆಯ ಓಡಾಟ, ಹೀಗೆ ಯಾವುದೋ ಕಾರಣಕ್ಕೆ ಕೆಲವು ರಾತ್ರಿ ನಿದ್ದೆಗೆಡುವುದು ಯಾರಿಗೂ ತಪ್ಪಿದ್ದಲ್ಲ. ಆದರೆ ಕಾರಣ ಕಳೆದುಹೋದ ಮೇಲೂ ನಿದ್ದೆ ಮರಳದಿದ್ದರೆ, ಆ ಕೆಟ್ಟ ರಾತ್ರಿಗಳಲ್ಲಿ ನಾವು ಮಾಡಿಕೊಂಡ ಮೂರು ಏರ್ಪಾಡುಗಳನ್ನು ಅನುಮಾನಿಸಬೇಕು: ಬೇಗ ಹಾಸಿಗೆ ಸೇರುವುದು, ಬೆಳಿಗ್ಗೆ ಎಚ್ಚರವಾದರೂ ಏಳದೆ ಬಿದ್ದುಕೊಂಡಿರುವುದು, ಮಧ್ಯಾಹ್ನ ಮಲಗಿ ರಾತ್ರಿಯ ಬಾಕಿ ತೀರಿಸಲು ನೋಡುವುದು. ದಣಿದ ದೇಹಕ್ಕೆ ಇವು ನ್ಯಾಯವೆಂದೇ ತೋರುತ್ತವೆ. ಆದರೆ ಆರು ಗಂಟೆಯ ನಿದ್ದೆಯನ್ನು ಒಂಬತ್ತು ಗಂಟೆಯ ಹಾಸಿಗೆಯ ಮೇಲೆ ಹರಡಿದರೆ ಅದು ತೆಳ್ಳಗಾಗಿ ಅಲ್ಲಲ್ಲಿ ಹರಿಯುತ್ತದೆ. ಆ ಹರಿದ ಜಾಗಗಳಲ್ಲಿಯೇ ನಾವು ಮಗ್ಗುಲು ಬದಲಿಸುತ್ತ, ಬೀದಿನಾಯಿಗಳ ಬೊಗಳು ಎಣಿಸುತ್ತ ಮಲಗಿರುತ್ತೇವೆ.

ಇಲ್ಲಿ ವಿವರಿಸುವ ಕ್ರಮವನ್ನು ವೈದ್ಯರು ‘ಸಿಬಿಟಿ-ಐ’ ಎನ್ನುತ್ತಾರೆ. ನಿದ್ರಾಹೀನತೆಗೆಂದೇ ರೂಪಿಸಿದ ಆಲೋಚನೆ ಮತ್ತು ವರ್ತನೆಗಳ ಚಿಕಿತ್ಸೆ ಎಂದು ಅದರ ಅರ್ಥ. ಇದರ ಒಂದು ಭಾಗವನ್ನು 1972ರಲ್ಲಿ ರಿಚರ್ಡ್ ಬೂಟ್ಜಿನ್, ಇನ್ನೊಂದನ್ನು 1987ರಲ್ಲಿ ಆರ್ಥರ್ ಸ್ಪೀಲ್ಮನ್ ಮತ್ತು ಸಂಗಡಿಗರು ಪ್ರಕಟಿಸಿದರು. ಇಬ್ಬರೂ ಅಮೆರಿಕದ ಮನೋವಿಜ್ಞಾನಿಗಳು. ವಾರಕ್ಕೆ ಕನಿಷ್ಠ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟು, ಅದರಿಂದ ಹಗಲಿನ ಕೆಲಸಕ್ಕೂ ತೊಂದರೆಯಾಗುತ್ತಿದ್ದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎಂದು ಪರಿಗಣಿಸುತ್ತಾರೆ. ಅಂಥ ವಯಸ್ಕರಿಗೆ ಮಾತ್ರೆಗಿಂತ ಮೊದಲು ಈ ಚಿಕಿತ್ಸೆಯನ್ನೇ ಕೊಡಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಶಿಫಾರಸು ಮಾಡಿತು.

ಯಾರು ಇದನ್ನು ಒಬ್ಬರೇ ಮಾಡಬಾರದು

ದಯವಿಟ್ಟು ಈ ಭಾಗವನ್ನು ಬಿಟ್ಟು ಮುಂದೆ ಹೋಗಬೇಡಿ. ಈ ಕ್ರಮದಲ್ಲಿ ಮೊದಲ ಒಂದೆರಡು ವಾರ ನಿದ್ದೆ ಇನ್ನಷ್ಟು ಕಡಿಮೆಯಾಗುತ್ತದೆ. ಮೂರ್ಛೆರೋಗವಿರುವವರಿಗೆ ನಿದ್ದೆಗೇಡಿನಿಂದ ಫಿಟ್ಸ್ ಬರಬಹುದು. ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಕೆಲಕಾಲ ವಿಪರೀತ ಉಬ್ಬರದಲ್ಲೂ ಕೆಲಕಾಲ ತೀರಾ ಕುಸಿತದಲ್ಲೂ ಇರುವ ಕಾಯಿಲೆ ಇರುವವರಿಗೆ ಉಬ್ಬರದ ಸ್ಥಿತಿ ಕೆರಳಬಹುದು. ಇವರೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಮೂರನೆಯ ಹಂತಕ್ಕೆ ಕೈಹಾಕಬಾರದು. ಬಸ್ಸು, ಲಾರಿ, ಕ್ಯಾಬ್ ಓಡಿಸುವವರು ಮತ್ತು ಯಂತ್ರಗಳ ಮುಂದೆ ನಿಲ್ಲುವವರು ಮೂರನೆಯ ಹಂತವನ್ನು ಬಿಟ್ಟು ಉಳಿದದ್ದನ್ನು ಮಾಡಲಿ. ಹಸುಗೂಸಿರುವ ತಾಯಂದಿರಿಗೆ, ರಾತ್ರಿಯಿಡೀ ರೋಗಿಯ ಆರೈಕೆ ಮಾಡುವವರಿಗೆ ಬೇಕಾಗಿರುವುದು ನಿದ್ದೆಯ ಅಭ್ಯಾಸವಲ್ಲ, ಸರದಿಯಲ್ಲಿ ಕೈಹಿಡಿಯುವ ಇನ್ನೊಬ್ಬರು. ವಾರವಾರಕ್ಕೂ ಬದಲಾಗುವ ಪಾಳಿಯಲ್ಲಿ ದುಡಿಯುವವರ ಸಮಸ್ಯೆಯೂ ಬೇರೆಯೇ; ಈ ಲೇಖನ ಅವರಿಗೆ ಪೂರ್ತಿ ಒದಗುವುದಿಲ್ಲ.

ಏನೇನು ಬೇಕು

ಗೆರೆ ಹಾಕಿದ ಒಂದು ನೋಟ್‌ಬುಕ್, ಒಂದು ಪೆನ್ನು, ಅಲಾರಂ ಇರುವ ಒಂದು ಸಾಧಾರಣ ಗಡಿಯಾರ, ಹಾಸಿಗೆಯಿಂದ ದೂರದಲ್ಲಿ ಕೂರಲು ಒಂದು ಕುರ್ಚಿ. ಗಡಿಯಾರ ಏಕೆಂದರೆ, ಅಲಾರಂ ಮೊಬೈಲ್‌ನಲ್ಲಿದ್ದರೆ ಮೊಬೈಲ್ ದಿಂಬಿನ ಪಕ್ಕದಲ್ಲೇ ಇರುತ್ತದೆ. ಮನೆಯವರಿಗೂ ಮೊದಲೇ ತಿಳಿಸಿ; ಇಲ್ಲವಾದರೆ ರಾತ್ರಿ ಹನ್ನೊಂದೂವರೆಗೆ ನೀವು ಕುರ್ಚಿಯಲ್ಲಿ ಕೂತಿರುವುದನ್ನು ಕಂಡು “ಹೋಗಿ ಮಲಗಬಾರದೇ” ಎಂದು ಅವರು ಕಾಳಜಿಯಿಂದಲೇ ನಿಮ್ಮ ಅಭ್ಯಾಸ ಕೆಡಿಸುತ್ತಾರೆ.

ಇನ್ನು ತಿಳಿದಿರಬೇಕಾದದ್ದು ಎರಡೇ ಸಂಗತಿ. ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಸಂಗ್ರಹವಾಗುತ್ತ ಹೋಗಿ ನಿದ್ದೆಯ ಒತ್ತಡವನ್ನು ಹೆಚ್ಚಿಸುತ್ತದೆ. ಇದನ್ನು ನಿದ್ದೆಯ ಹಸಿವು ಎನ್ನೋಣ. ಸಂಜೆ ಆರಕ್ಕೆ ತಿಂಡಿ ತಿಂದವರಿಗೆ ರಾತ್ರಿ ಊಟ ಸೇರದ ಹಾಗೆ, ಮಧ್ಯಾಹ್ನ ಎರಡು ಗಂಟೆ ಮಲಗಿದವರಿಗೆ ರಾತ್ರಿ ಈ ಹಸಿವು ಇರುವುದಿಲ್ಲ. ಎರಡನೆಯದು, ಮೆದುಳಿನ ಒಳಗಿನ ದೇಹಗಡಿಯಾರ. ಅದು ಸುಮಾರು 24 ಗಂಟೆಯ ಲಯದಲ್ಲಿ ನಡೆಯುತ್ತ, ಪ್ರತಿದಿನ ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ ತನ್ನನ್ನು ಸರಿಪಡಿಸಿಕೊಳ್ಳುತ್ತದೆ. ಹಸಿವು ಮತ್ತು ಗಡಿಯಾರ ಎರಡೂ ಒಂದೇ ವೇಳೆಗೆ ಕೂಡಿಬಂದಾಗ ಗಟ್ಟಿ ನಿದ್ದೆ ಬರುತ್ತದೆ. ಮುಂದಿನ ಹಂತಗಳೆಲ್ಲ ಇವೆರಡನ್ನು ಕೂಡಿಸುವ ಕೆಲಸ.

ಹಂತ 1: ಒಂದು ವಾರ ನಿದ್ದೆಯ ಲೆಕ್ಕ ಬರೆಯಿರಿ

ಮೊದಲ ವಾರ ಏನನ್ನೂ ಬದಲಿಸಬೇಡಿ. ಪ್ರತಿದಿನ ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಐದು ವಿಷಯ ಬರೆಯಿರಿ: ಎಷ್ಟು ಗಂಟೆಗೆ ಹಾಸಿಗೆ ಸೇರಿದಿರಿ, ನಿದ್ದೆ ಹತ್ತಲು ಎಷ್ಟು ಹೊತ್ತಾಯಿತು, ನಡುರಾತ್ರಿ ಒಟ್ಟು ಎಷ್ಟು ಹೊತ್ತು ಎಚ್ಚರವಿದ್ದಿರಿ, ಕೊನೆಯದಾಗಿ ಎಚ್ಚರವಾದದ್ದು ಯಾವಾಗ, ಹಾಸಿಗೆ ಬಿಟ್ಟದ್ದು ಯಾವಾಗ. ಜೊತೆಗೆ ಹಿಂದಿನ ದಿನದ ಕಾಫಿ, ಟೀ, ಮಧ್ಯಾಹ್ನದ ಜೊಂಪು, ನಿದ್ದೆಮಾತ್ರೆ ಇದ್ದರೆ ಒಂದು ಸಾಲು.

ಇಲ್ಲಿ ಬಹಳ ಮಂದಿ ಎಡವುವುದು ನಿಖರತೆಯ ಆಸೆಯಿಂದ. ರಾತ್ರಿ ಗಡಿಯಾರ ನೋಡಿ ಬರೆಯಬೇಡಿ. “2:40 ಆಯಿತು, ಇನ್ನು ಮೂರು ಗಂಟೆ ಇಪ್ಪತ್ತು ನಿಮಿಷ ಮಾತ್ರ” ಎಂದು ಲೆಕ್ಕಹಾಕಲು ಶುರುಮಾಡಿದ ಮನಸ್ಸು ಮತ್ತೆ ಮಲಗುವುದಿಲ್ಲ. ಗಡಿಯಾರವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟು, ಬೆಳಿಗ್ಗೆ ಅಂದಾಜಿನಲ್ಲಿ ಬರೆದರೆ ಸಾಕು. ನಿದ್ದೆ ಅಳೆಯುವ ಕೈಗಡಿಯಾರವನ್ನೂ ಈ ಆರು ವಾರ ಬಿಚ್ಚಿಡಿ. ಹಾಯಾಗಿ ಎದ್ದವರನ್ನೂ “ನಿನ್ನೆಯ ನಿದ್ದೆ ಕಳಪೆ” ಎಂದು ಅದು ಹೆದರಿಸಬಲ್ಲದು.

ಹಂತ 2: ಏಳುವ ಸಮಯವನ್ನು ಗಟ್ಟಿ ಹಿಡಿಯಿರಿ

ಮಲಗುವ ಸಮಯ ನಮ್ಮ ಕೈಯಲ್ಲಿದೆ ಎಂದುಕೊಳ್ಳುತ್ತೇವೆ, ಆದರೆ ನಿದ್ದೆ ಬರುವ ಸಮಯ ನಮ್ಮ ಕೈಯಲ್ಲಿಲ್ಲ. ಏಳುವ ಸಮಯ ಮಾತ್ರ ಪೂರ್ತಿ ನಮ್ಮದು. ಆದ್ದರಿಂದ ಎರಡನೆಯ ವಾರದ ಮೊದಲ ದಿನ, ಭಾನುವಾರಕ್ಕೂ ಹಬ್ಬದ ದಿನಕ್ಕೂ ಒಪ್ಪುವಂಥ ಒಂದು ಸಮಯ ಆರಿಸಿಕೊಳ್ಳಿ. ಮಕ್ಕಳ ಶಾಲೆ, ನಲ್ಲಿ ನೀರು, ಬಸ್ಸು ಇವೆಲ್ಲವನ್ನೂ ನೋಡಿ ಆರು ಗಂಟೆ ಎಂದು ನಿಶ್ಚಯಿಸಿದರೆ, ರಾತ್ರಿ ಎರಡು ಗಂಟೆ ನಿದ್ದೆಯಾಗಿರಲಿ ಏಳು ಗಂಟೆಯಾಗಿರಲಿ, ಆರಕ್ಕೆ ಕಾಲು ನೆಲದ ಮೇಲಿರಬೇಕು.

ಎದ್ದ ಮೇಲೆ ಬೆಳಕಿಗೆ ಬನ್ನಿ. ಅಂಗಳಕ್ಕೆ ನೀರು ಹಾಕುವುದು, ಟೆರೇಸಿನ ಗಿಡ ನೋಡುವುದು, ಹಾಲಿನ ಅಂಗಡಿಯವರೆಗೆ ನಡೆಯುವುದು, ಯಾವುದಾದರೂ ಸರಿ, ಅರ್ಧ ಗಂಟೆ ಹೊರಗಿನ ಬೆಳಕಿನಲ್ಲಿರಿ. ಮೋಡ ಕವಿದ ಮಳೆಗಾಲದ ಬೆಳಗೂ ಮನೆಯೊಳಗಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಪ್ರಕಾಶಮಾನ ಎಂಬುದನ್ನು ನೆನಪಿಡಿ.

ಹಂತ 3: ಹಾಸಿಗೆಯಲ್ಲಿರುವ ಹೊತ್ತನ್ನು ಕಡಿಮೆ ಮಾಡಿ

ಇಡೀ ಕ್ರಮದ ಜೀವಾಳವೂ ಅತಿ ಕಷ್ಟದ ಭಾಗವೂ ಇದೇ ಆದ್ದರಿಂದ ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ತೋರಿಸುತ್ತೇನೆ. ನಿಮ್ಮ ನೋಟ್‌ಬುಕ್ಕಿನ ಒಂದು ವಾರದ ಸರಾಸರಿ ಹೀಗಿದೆ ಎಂದಿಟ್ಟುಕೊಳ್ಳಿ: ಮಲಗಿದ್ದು ರಾತ್ರಿ 10:00, ಎದ್ದದ್ದು ಬೆಳಿಗ್ಗೆ 6:30, ಅಂದರೆ ಹಾಸಿಗೆಯಲ್ಲಿದ್ದದ್ದು ಎಂಟೂವರೆ ಗಂಟೆ. ನಿದ್ದೆ ಹತ್ತಲು ಒಂದು ಗಂಟೆ, ನಡುರಾತ್ರಿಯ ಎಚ್ಚರ ಒಂದು ಗಂಟೆ, ಬೆಳಗಿನ ಜಾವ ಎಚ್ಚರವಾಗಿ ಸುಮ್ಮನೆ ಮಲಗಿದ್ದದ್ದು ಅರ್ಧ ಗಂಟೆ. ಎರಡೂವರೆ ಗಂಟೆ ಕಳೆದರೆ ನಿಜವಾದ ನಿದ್ದೆ ಆರು ಗಂಟೆ. ಆರನ್ನು ಎಂಟೂವರೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸುಮಾರು 71 ಬರುತ್ತದೆ. ಹಾಸಿಗೆಯ ಹೊತ್ತಿನಲ್ಲಿ ನಿದ್ದೆಯ ಪಾಲು ಶೇಕಡಾ 71 ಎಂದು ಇದರ ಅರ್ಥ. ಇದು ಶೇಕಡಾ 85 ಅಥವಾ ಅದಕ್ಕಿಂತ ಹೆಚ್ಚಿರಬೇಕು.

ಈಗ ಹಾಸಿಗೆಯನ್ನು ನಿದ್ದೆಯ ಅಳತೆಗೆ ಕತ್ತರಿಸಿ. ನಿದ್ದೆ ಆರು ಗಂಟೆಯಾದರೆ ಹಾಸಿಗೆಯೂ ಆರು ಗಂಟೆ. ಏಳುವುದು ಬೆಳಿಗ್ಗೆ 6:00 ಎಂದಾದರೆ ಮಲಗುವುದು ರಾತ್ರಿ 12:00ಕ್ಕೆ, ಅದಕ್ಕೂ ಮೊದಲು ಮಲಗುವಂತಿಲ್ಲ. ಹನ್ನೊಂದಕ್ಕೇ ಕಣ್ಣು ಎಳೆದರೂ ಮಲಗುವಂತಿಲ್ಲ. ಹನ್ನೆರಡಾದ ಮೇಲೂ ತೂಕಡಿಕೆ ಬಾರದಿದ್ದರೆ ಬರುವವರೆಗೆ ಕಾಯಬೇಕು.

ಎಚ್ಚರಿಕೆ: ನಿಮ್ಮ ಲೆಕ್ಕದಲ್ಲಿ ನಿದ್ದೆ ನಾಲ್ಕೇ ಗಂಟೆ ಎಂದು ಬಂದರೂ ಹಾಸಿಗೆಯ ಹೊತ್ತನ್ನು ಐದೂವರೆ ಗಂಟೆಗಿಂತ ಕೆಳಗೆ ಇಳಿಸಬೇಡಿ. ನಿದ್ದೆ ಬಾರದವರು ತಾವು ಎಚ್ಚರವಿದ್ದ ಹೊತ್ತನ್ನು ಹೆಚ್ಚಾಗಿಯೂ ನಿದ್ರಿಸಿದ್ದನ್ನು ಕಡಿಮೆಯಾಗಿಯೂ ಅಂದಾಜು ಮಾಡುವುದು ಸಾಮಾನ್ಯ. ಮೊದಲ ಎರಡು ವಾರ ಹಗಲಿನಲ್ಲಿ ಮಂಪರು, ಕಿರಿಕಿರಿ, ಮರೆವು ಖಂಡಿತ ಇರುತ್ತವೆ. ಆ ದಿನಗಳಲ್ಲಿ ದೂರದ ಊರಿಗೆ ಸ್ವತಃ ಕಾರು ಓಡಿಸಬೇಡಿ, ತೂಕಡಿಕೆ ಇರುವಾಗ ಸ್ಕೂಟರನ್ನೂ ಮುಟ್ಟಬೇಡಿ. ಮನೆಯಲ್ಲಿ ಮದುವೆಯೋ ಮಕ್ಕಳ ಬೋರ್ಡ್ ಪರೀಕ್ಷೆಯೋ ಇರುವ ತಿಂಗಳಲ್ಲಿ ಇದನ್ನು ಆರಂಭಿಸದಿರುವುದೇ ಮೇಲು. ಹೆಚ್ಚಿನವರು ಕೈಬಿಡುವುದು ಮೊದಲ ವಾರದ ನಡುವೆ, “ಇದ್ದ ನಿದ್ದೆಯೂ ಹೋಯಿತು” ಎಂದು ಹೆದರಿ. ಆ ದಣಿವು ನಿದ್ದೆಯ ಹಸಿವು ಬೆಳೆಯುತ್ತಿರುವ ಲಕ್ಷಣ.

ಹಂತ 4: ಹಾಸಿಗೆ ನಿದ್ದೆಗೆ ಮಾತ್ರ

ಕುರ್ಚಿಯಲ್ಲಿ ತೂಕಡಿಸುತ್ತಿದ್ದವರು ಹಾಸಿಗೆಗೆ ಬಂದೊಡನೆ ಕಣ್ಣು ಬಿಟ್ಟುಕೊಳ್ಳುವುದನ್ನು ನೀವೂ ಅನುಭವಿಸಿರಬಹುದು. ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಹೊರಳಾಡಿ ಹೊರಳಾಡಿ, ಹಾಸಿಗೆ ಎಂದರೆ ಎಚ್ಚರ, ಹಾಸಿಗೆ ಎಂದರೆ ಚಿಂತೆ ಎಂಬ ನಂಟನ್ನು ಮೆದುಳು ಕಲಿತುಬಿಟ್ಟಿರುತ್ತದೆ. ಅದನ್ನು ಮರೆಸಲು ನಿಯಮ ಸರಳ: ತೂಕಡಿಕೆ ಬಂದಾಗ ಮಾತ್ರ ಮಲಗಿ, ಸುಮಾರು 20 ನಿಮಿಷ ಕಳೆದರೂ, ಅಂದರೆ ನಿದ್ದೆ ಬರುತ್ತಿಲ್ಲವಲ್ಲ ಎಂಬ ಚಡಪಡಿಕೆ ಹುಟ್ಟಿದ ಕೂಡಲೆ, ಹಾಸಿಗೆ ಬಿಟ್ಟು ಎದ್ದುಹೋಗಿ, ಮತ್ತೆ ತೂಕಡಿಕೆ ಬಂದಾಗ ಮರಳಿ. ಒಂದೇ ರಾತ್ರಿಯಲ್ಲಿ ನಾಲ್ಕು ಸಲ ಎದ್ದರೂ ಅದು ಸೋಲಲ್ಲ. ದಾಂಪತ್ಯದ ಸಾಮೀಪ್ಯವೊಂದನ್ನು ಬಿಟ್ಟು ಟಿವಿ, ಫೋನ್, ಆಫೀಸ್ ಕೆಲಸ, ಮನೆ ಖರ್ಚಿನ ಚರ್ಚೆ ಯಾವುದಕ್ಕೂ ಹಾಸಿಗೆ ಬಳಕೆಯಾಗಬಾರದು.

ಈ ನಿಯಮವನ್ನು ಬರೆದವರ ಮನೆಗಳಲ್ಲಿ ಎದ್ದುಹೋಗಲು ಇನ್ನೊಂದು ಕೋಣೆ ಇದ್ದಿರಬೇಕು. ನಮ್ಮಲ್ಲಿ ಒಂದೇ ಕೋಣೆಯಲ್ಲಿ ಐದು ಜನ ಸಾಲಾಗಿ ಚಾಪೆ ಹಾಸಿ ಮಲಗುವ ಮನೆಗಳಿವೆ, ಹಗಲು ಕೂರುವ ದಿವಾನವೇ ರಾತ್ರಿ ಹಾಸಿಗೆಯಾಗುವ ಮನೆಗಳಿವೆ. ಅಂಥ ಮನೆಯವರು ಹೀಗೆ ಮಾಡಬಹುದು: ಹಗಲಿನಲ್ಲಿ ಹಾಸಿಗೆ ಸುತ್ತಿಡಿ, ದಿವಾನಕ್ಕೆ ರಾತ್ರಿ ಮಾತ್ರ ಹೊದಿಸುವ ಬೇರೊಂದು ಚಾದರ ಇರಲಿ, ಎದ್ದಾಗ ಅಡುಗೆಮನೆಯ ಮೆಟ್ಟಿಲಿಗೋ ಜಗಲಿಗೋ ಬಂದು ಕೂರಿ, ಅದೂ ಆಗದಿದ್ದರೆ ಕಾಲುಬದಿಯಲ್ಲಿ ಇಟ್ಟ ಕುರ್ಚಿಯಲ್ಲಿ ಗೋಡೆಗೆ ಒರಗಿ ಕೂರಿ. ಮಲಗಿದ ಭಂಗಿಯಿಂದ ಹೊರಬರುವುದು ಮುಖ್ಯ, ಕೋಣೆ ಬದಲಾಗುವುದು ಅಷ್ಟು ಮುಖ್ಯವಲ್ಲ.

ಕೂತಾಗ ಏನು ಮಾಡಬೇಕು ಎಂದು ಎಲ್ಲರೂ ಕೇಳುತ್ತಾರೆ. ಮಂದ ಬೆಳಕಿನಲ್ಲಿ, ಕೈಗೆ ಕೆಲಸ ಕೊಟ್ಟು ತಲೆಗೆ ಕೆಲಸ ಕೊಡದಂಥದ್ದು: ಬಟ್ಟೆ ಮಡಚುವುದು, ಬತ್ತಿ ಹೊಸೆಯುವುದು, ಈಗಾಗಲೇ ಒಮ್ಮೆ ಓದಿದ ಪುಸ್ತಕದ ಪುಟ ತಿರುವುವುದು, ಜಪ. ಮೊಬೈಲ್ ಬೇಡ. ಅದರ ಬೆಳಕಿಗಿಂತಲೂ ಅದರೊಳಗಿನ ಸುದ್ದಿ, ವಾಗ್ವಾದ, ಒಂದಾದ ಮೇಲೊಂದು ಬರುವ ವಿಡಿಯೊ ನಿದ್ದೆಯನ್ನು ಹೆಚ್ಚು ಕೆಡಿಸುತ್ತವೆ ಎಂಬುದು ನನ್ನ ಅಭಿಪ್ರಾಯ.

ಹಂತ 5: ಚಿಂತೆಗೆ ಸಂಜೆಯೇ ಹೊತ್ತು ಕೊಡಿ

ಹಗಲೆಲ್ಲ ಕೆಲಸದ ಗದ್ದಲದಲ್ಲಿ ಹಿಂದಕ್ಕೆ ತಳ್ಳಿದ ಚಿಂತೆಗಳು ದೀಪ ಆರಿದೊಡನೆ ಸಾಲುಗಟ್ಟುವುದು ಸಹಜ. ಸಂಜೆ ಏಳರ ಹೊತ್ತಿಗೆ ಹದಿನೈದು ನಿಮಿಷ ಮೀಸಲಿಟ್ಟು, ನೋಟ್‌ಬುಕ್ಕಿನ ಹಿಂಬದಿಯ ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ ಚಿಂತೆ, ಬಲಕ್ಕೆ ಅದಕ್ಕಾಗಿ ನಾಳೆ ಮಾಡಬಹುದಾದ ಒಂದೇ ಒಂದು ಚಿಕ್ಕ ಕೆಲಸ. “ಅಪ್ಪನ ಶುಗರ್ ಏರಿದೆ” ಎಂದು ಎಡಕ್ಕೆ ಬರೆದರೆ “ಬೆಳಿಗ್ಗೆ ಒಂಬತ್ತಕ್ಕೆ ಕ್ಲಿನಿಕ್ಕಿಗೆ ಫೋನ್ ಮಾಡಿ ಟೋಕನ್ ಕೇಳುವುದು” ಎಂದು ಬಲಕ್ಕೆ. ಏನೂ ಮಾಡಲಾಗದ ಚಿಂತೆಯಾದರೆ ಬಲಗಡೆ “ಇಂದು ಏನೂ ಇಲ್ಲ” ಎಂದೇ ಬರೆಯಿರಿ. ರಾತ್ರಿ ಅದೇ ಚಿಂತೆ ಮತ್ತೆ ಬಂದಾಗ, ಅದು ಪುಸ್ತಕದಲ್ಲಿದೆ, ನಾಳೆ ಏಳಕ್ಕೆ ನೋಡೋಣ ಎಂದು ಹೇಳಿಕೊಳ್ಳಿ. ಮೊದಮೊದಲು ಇದು ಕೃತಕವೆನಿಸುತ್ತದೆ. ಎರಡು ವಾರ ಬಿಡದೆ ಬರೆದ ಮೇಲೆ ತೀರ್ಮಾನಿಸಿ.

ನಿದ್ದೆಯ ಬಗೆಗಿನ ಚಿಂತೆಯೂ ಇದರಲ್ಲೇ ಸೇರುತ್ತದೆ. ಎಂಟು ಗಂಟೆ ಆಗಲೇಬೇಕೆಂಬ ಹಟ ಬೇಡ. ವಯಸ್ಕರಿಗೆ ಏಳು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಎಂಬುದು ತಜ್ಞರ ಸಾಮಾನ್ಯ ಶಿಫಾರಸು. ಅಗತ್ಯ ಒಬ್ಬರಿಂದ ಒಬ್ಬರಿಗೆ ಬದಲಾಗುತ್ತದೆ, ವಯಸ್ಸಾದಂತೆ ನಿದ್ದೆ ಹಗುರವಾಗುತ್ತದೆ. ನಿದ್ದೆ ಸುಮಾರು 90 ನಿಮಿಷದ ಆವರ್ತಗಳಲ್ಲಿ ಸಾಗುವುದರಿಂದ ನಡುನಡುವೆ ಒಂದೆರಡು ಸಲ ಅರೆಯೆಚ್ಚರವಾಗುವುದು ಆರೋಗ್ಯವಂತರಲ್ಲೂ ಇದೆ.

ಹಂತ 6: ಕಾಫಿ, ಜೊಂಪು, ಊಟ

ಕಾಫಿ ಪ್ರಿಯರಿಗೆ ಇದು ಕಹಿ ಸುದ್ದಿ. ಕೆಫೀನ್ ಅಡೆನೋಸಿನ್‌ನ ಜಾಗದಲ್ಲಿ ತಾನು ಕೂತು ನಿದ್ದೆಯ ಹಸಿವು ಗೊತ್ತಾಗದಂತೆ ಮಾಡುತ್ತದೆ, ಮತ್ತು ಕುಡಿದದ್ದರಲ್ಲಿ ಅರ್ಧ ದೇಹದಿಂದ ಹೋಗಲು ಸರಾಸರಿ ಐದು ಗಂಟೆ ಬೇಕು. ಸಂಜೆ ಐದರ ಗಟ್ಟಿ ಡಿಕಾಕ್ಷನ್ನಿನ ಕಾಫಿಯಲ್ಲಿ ಅರ್ಧದಷ್ಟು ಕೆಫೀನ್ ರಾತ್ರಿ ಹತ್ತಕ್ಕೂ ಒಳಗಿರುತ್ತದೆ. ಕುಡಿದ ಕೂಡಲೆ ಮಲಗಬಲ್ಲೆ ಎನ್ನುವವರ ನಿದ್ದೆಯ ಆಳವನ್ನೂ ಅದು ಕಡಿಮೆ ಮಾಡಬಲ್ಲದು. ಈ ಆರು ವಾರ ಮಧ್ಯಾಹ್ನ ಹನ್ನೆರಡರ ಬಳಿಕ ಕಾಫಿ, ಟೀ ಬೇಡ. ದಿಢೀರನೆ ಬಿಟ್ಟರೆ ತಲೆನೋವು ಬರುವುದರಿಂದ ಒಂದೊಂದೇ ಲೋಟ ಇಳಿಸಿ.

ಮದ್ಯ ಬೇಗ ಮಂಪರು ತಂದು ರಾತ್ರಿಯ ಉತ್ತರಾರ್ಧವನ್ನು ಕೆಡಿಸುತ್ತದೆ. ಬೀಡಿ, ಸಿಗರೇಟು, ಗುಟ್ಕಾದ ನಿಕೋಟಿನ್ ಎಚ್ಚರಿಸುವ ವಸ್ತು. ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆ ಅಂತರವಿರಲಿ. ಮಧ್ಯಾಹ್ನದ ಜೊಂಪು ಸದ್ಯಕ್ಕೆ ಬೇಡವೇ ಬೇಡ. ವಯಸ್ಸಾದವರಿಗೆ ತೀರಾ ಅನಿವಾರ್ಯವಾದರೆ ಮೂರು ಗಂಟೆಯೊಳಗೆ, 20 ನಿಮಿಷ, ಅಲಾರಂ ಇಟ್ಟು.

ಹಂತ 7: ವಾರಕ್ಕೊಮ್ಮೆ ಕಾಲು ಗಂಟೆ

ಪ್ರತಿ ಭಾನುವಾರ ವಾರದ ಸರಾಸರಿ ತೆಗೆಯಿರಿ. ಮೇಲಿನ ಉದಾಹರಣೆಯವರು ಹಾಸಿಗೆಯ ಆರು ಗಂಟೆಯಲ್ಲಿ 5 ಗಂಟೆ 20 ನಿಮಿಷ ನಿದ್ರಿಸಿದ್ದರೆ ನಿದ್ದೆಯ ಪಾಲು ಶೇಕಡಾ 89. ಇದು 85ನ್ನು ದಾಟಿರುವುದರಿಂದ ಅವರು ಮುಂದಿನ ವಾರ 11:45ಕ್ಕೆ ಮಲಗಬಹುದು. 80ರಿಂದ 85ರ ನಡುವೆ ಇದ್ದರೆ ಇದ್ದ ಸಮಯವೇ ಮುಂದುವರಿಯಲಿ. 80ಕ್ಕಿಂತ ಕಡಿಮೆಯಾದರೆ ಕಾಲು ಗಂಟೆ ಕಡಿತ, ಐದೂವರೆ ಗಂಟೆಯ ಮಿತಿ ಮೀರದಂತೆ. ಹಗಲಿನಲ್ಲಿ ಲವಲವಿಕೆ ಇದ್ದು ತೂಕಡಿಕೆ ಇಲ್ಲದ ಘಟ್ಟಕ್ಕೆ ಬಂದಾಗ ವಿಸ್ತರಣೆ ನಿಲ್ಲಿಸಿ. ಅದೇ ನಿಮ್ಮ ಅಳತೆ. ಎರಡು ಒಳ್ಳೆಯ ರಾತ್ರಿ ಸಿಕ್ಕೊಡನೆ ಹತ್ತು ಗಂಟೆಗೆ ಮಲಗಲು ಹೋಗುವುದು ಈ ಹಂತದ ದೊಡ್ಡ ತಪ್ಪು. ಮುಂದೆಂದಾದರೂ ಪ್ರಯಾಣ, ಜ್ವರ, ಜಗಳದಿಂದ ನಿದ್ದೆ ಮತ್ತೆ ಕೆಟ್ಟರೆ ಒಂದು ವಾರ ಎರಡನೆಯ ಮತ್ತು ನಾಲ್ಕನೆಯ ಹಂತಗಳಿಗೆ ಮರಳಿ.

ಈಗಾಗಲೇ ಮಾತ್ರೆ ನುಂಗುತ್ತಿರುವವರಿಗೆ

ಆಲ್ಪ್ರಾಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್ ಮೊದಲಾದವು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಗಳು. ಎರಡು ವರ್ಷದ ಹಿಂದಿನ ಚೀಟಿ ತೋರಿಸಿ ತರಿಸಿಕೊಂಡು ನುಂಗುತ್ತಿದ್ದರೆ ಅದು ಅಪಾಯದ ದಾರಿ. ವಯಸ್ಸಾದವರಲ್ಲಿ ಇವು ರಾತ್ರಿ ಬಾತ್‌ರೂಮಿಗೆ ಎದ್ದಾಗ ಬೀಳುವ ಸಂಭವವನ್ನು ಹೆಚ್ಚಿಸುತ್ತವೆ. ಹಾಗೆಂದು ಈ ಲೇಖನ ಓದಿ ಇಂದೇ ನಿಲ್ಲಿಸಬೇಡಿ. ಬಹುಕಾಲ ತೆಗೆದುಕೊಂಡ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ನಿದ್ದೆ ಮೊದಲಿಗಿಂತ ಕೆಡುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಪ್ರಮಾಣವನ್ನು ಹಂತಹಂತವಾಗಿ ಇಳಿಸುವುದು ವೈದ್ಯರ ಕೆಲಸ, ಈ ಕ್ರಮವನ್ನು ಅದರ ಜೊತೆಜೊತೆಗೇ ಮಾಡಬಹುದು.

ಯಾವಾಗ ವೈದ್ಯರಲ್ಲಿಗೆ ಹೋಗಬೇಕು

ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ನಿಂತು ಬೆಚ್ಚಿ ಏಳುತ್ತೀರೆಂದು ಪಕ್ಕದಲ್ಲಿ ಮಲಗುವವರು ಹೇಳಿದರೆ, ಬೆಳಿಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ ಇದ್ದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಅದಕ್ಕೆ ರಾತ್ರಿಯಿಡೀ ಮಾಡುವ ನಿದ್ರಾ ಪರೀಕ್ಷೆ ಬೇಕು. ಮಲಗಿದೊಡನೆ ಕಾಲಿನಲ್ಲಿ ಏನೋ ಹರಿದಾಡಿದಂತಾಗಿ, ಕಾಲಾಡಿಸಿದರೆ ಮಾತ್ರ ಸಮಾಧಾನವಾಗುವವರು ರಕ್ತದಲ್ಲಿ ಕಬ್ಬಿಣದ ಸಂಗ್ರಹವನ್ನು ತೋರಿಸುವ ಫೆರಿಟಿನ್ ಪರೀಕ್ಷೆಯ ಬಗ್ಗೆ ಕೇಳಿ. ಕಬ್ಬಿಣದ ಕೊರತೆ ಇದಕ್ಕೆ ತಿಳಿದಿರುವ ಒಂದು ಕಾರಣ. ಬೆಳಗಿನ ಜಾವ ಮೂರಕ್ಕೋ ನಾಲ್ಕಕ್ಕೋ ಎಚ್ಚರವಾಗಿ ಮನಸ್ಸಿಗೆ ಭಾರ ಕವಿಯುವುದು, ಇಷ್ಟದ ಕೆಲಸವೂ ಬೇಡವೆನಿಸುವುದು ಎರಡು ವಾರ ಮೀರಿ ಮುಂದುವರಿದರೆ ಅದು ಖಿನ್ನತೆಯ ಲಕ್ಷಣವಾಗಿರಬಹುದು.

ಬದುಕೇ ಬೇಡವೆಂಬ ಯೋಚನೆ ಬಂದರೆ ಆರು ವಾರ ಕಾಯುವ ಮಾತೇ ಇಲ್ಲ. ಟೆಲಿ-ಮಾನಸ್‌ನ 14416ಕ್ಕೆ ಆ ಹೊತ್ತಿನಲ್ಲೇ ಕರೆಮಾಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಈ ಸಹಾಯವಾಣಿ ಉಚಿತವಾಗಿ ಹಗಲೂ ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ನೇರವಾಗಿ ತೋರಿಸಿಕೊಳ್ಳಲು ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ಹೋಗುವಾಗ ನೋಟ್‌ಬುಕ್ ತೆಗೆದುಕೊಂಡು ಹೋಗಿ. “ಸರಿಯಾಗಿ ನಿದ್ದೆ ಬರುತ್ತಿಲ್ಲ” ಎಂಬ ಒಂದು ಮಾತಿಗಿಂತ, ಮಲಗಿದ್ದು ಎಷ್ಟಕ್ಕೆ, ಎಚ್ಚರವಾದದ್ದು ಎಷ್ಟಕ್ಕೆ ಎಂದು ಬರೆದಿಟ್ಟ ಎರಡು ವಾರದ ಪುಟಗಳನ್ನು ಮೇಜಿನ ಮೇಲೆ ಬಿಡಿಸಿಟ್ಟರೆ ವೈದ್ಯರಿಗೆ ನಿಮ್ಮ ರಾತ್ರಿಗಳು ಬೇಗ ಅರ್ಥವಾಗುತ್ತವೆ.